ನನಗಿಂತ ಮೊದಲು ಹೋದ ಗಾಡಿ

ಯಾರಾದರೂ ದೆವ್ವ ಕಂಡೆ ಎಂದರೆ "ಎಷ್ಟು ಏರಿಸಿದ್ದೆ?" ಎಂದು ಕೇಳಿ ನಾಲ್ಕು ಜನರನ್ನು ನಗಿಸುವವರಲ್ಲಿ ನಾನೇ ಮುಂದಿರುತ್ತಿದ್ದೆ. ಕಲ್ಲಿನ ಕೆಲಸದವನು ನಾನು. ಗೋಡೆ ನೆಟ್ಟಗಿದೆ ಎಂದು ಮೇಸ್ತ್ರಿ ಆಣೆ ಹಾಕಿದರೂ ತೂಗುಗುಂಡು ಇಳಿಬಿಟ್ಟು ನೋಡದೆ ಒಪ್ಪಿದವನಲ್ಲ. ಅಂಥವನು ಇದನ್ನು ಬರೆಯುತ್ತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ತೆಲಂಗಾಣ ಹೋರಾಟ ಜೋರಾಗಿದ್ದ ವರ್ಷಗಳು. ರಾಜಸ್ಥಾನದ ಅಮೃತಶಿಲೆ ಕಾರ್ಖಾನೆಯಲ್ಲಿ ಬಹಳ ಕಾಲ ದುಡಿದ ಮೇಲೆ ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸ ಸಿಕ್ಕಿತ್ತು. ನಮ್ಮ ಮೂಲ ಬೀದರ್ ಕಡೆಯದು, ಹಾಗಾಗಿ ನಮ್ಮ ಮಾತು ಆಡುವ ಜನರ ಹತ್ತಿರ ಬಂದಂತಾಯಿತು ಎಂದು ಖುಷಿಯಿತ್ತು. ಹೆಂಡತಿ ಮತ್ತು ಮಗಳನ್ನು ರೈಲಿನಲ್ಲಿ ತವರಿಗೆ ಕಳಿಸಿ, ಹಳೆಯ ಬಿಳಿ ವ್ಯಾನಿನಲ್ಲಿ ಮನೆಯ ಸಾಮಾನೆಲ್ಲ ತುಂಬಿಕೊಂಡು ನಾನೊಬ್ಬನೇ ಹೊರಟೆ. ನನ್ನ ಪಕ್ಕದ ಸೀಟೊಂದು ಬಿಟ್ಟರೆ ಒಳಗೆ ಸೂಜಿ ಹಾಕಲೂ ಜಾಗವಿರಲಿಲ್ಲ.

ಸಾಮಾನಿನ ಮೇಲೆ ಹಾಸಿಗೆಯ ಗಂಟು, ಅದರೊಳಗೆ ಹೆಂಡತಿ ಹೊಲಿದ ಕೌದಿ. ಹಳೆ ಬಟ್ಟೆಯ ತುಂಡುಗಳ ನಡುವೆ ನನ್ನ ನೀಲಿ ಅಂಗಿಯ ತುಂಡೊಂದನ್ನು ಜೇಬು ಬಿಚ್ಚದೆ ಹಾಗೆಯೇ ಸೇರಿಸಿದ್ದಳು. ಜೇಬಿನ ಮೇಲೆ ಗ್ರೈಂಡರಿನ ಕಿಡಿ ಬಿದ್ದು ಸುಟ್ಟ ತೂತು. ನಿದ್ದೆಯಲ್ಲೂ ಗಂಡನ ಜೇಬು ತಡಕುವ ಉಪಾಯ ಇದು ಎಂದು ನಾನು ಅವಳನ್ನು ಛೇಡಿಸುತ್ತಿದ್ದೆ.

ಪ್ರಯಾಣದ ಕೊನೆಯ ದಿನ ಬೆಳಿಗ್ಗೆ ದೇಗಲೂರು ದಾಟುತ್ತಲೇ ಚಕ್ರ ಪಂಕ್ಚರ್ ಆಯಿತು. ಸ್ಟೆಪ್ನಿ ಎಲ್ಲ ಸಾಮಾನಿನ ಅಡಿಯಲ್ಲಿ. ಅರ್ಧ ಸಂಸಾರವನ್ನು ರಸ್ತೆಗೆ ಇಳಿಸಿ, ಚಕ್ರ ಬದಲಿಸಿ, ಮತ್ತೆ ತುಂಬುವಷ್ಟರಲ್ಲಿ ತಾಸಿನ ಮೇಲೆ ಹೋಯಿತು. ಸ್ಪ್ಯಾನರ್ ಜಾರಿ ಬೆರಳ ಗಿಣ್ಣಿನ ಚರ್ಮ ಕಿತ್ತುಹೋಗಿ ಅಂಗಿಯ ಎದೆಯೆಲ್ಲ ರಕ್ತ ಮತ್ತು ಗ್ರೀಸು. ಗಡಿಯಾಚೆ ತೆಲಂಗಾಣದಲ್ಲಿ ಇವತ್ತು ಬಂದ್ ಎಂದು ಟೀ ಅಂಗಡಿಯವನು ಹೇಳಿದ. ಹಿಂದಕ್ಕೆ ಹೋಗಲು ನನಗೆ ಮನೆಯೇ ಇರಲಿಲ್ಲ, ಗಾಡಿ ಮುಂದಕ್ಕೇ ಓಡಿಸಿದೆ.

ಸಿರ್ಗಾಪುರ ದಾಟಿ ನಾರಾಯಣಖೇಡ ಹತ್ತಿರವಾದಾಗ ರಸ್ತೆಗೆ ಅಡ್ಡ ಕಲ್ಲಿಟ್ಟಿದ್ದರು. ನಡುರಸ್ತೆಯಲ್ಲೇ ಒಲೆ ಹೂಡಿ ಜನ ಅಡುಗೆ ಮಾಡುತ್ತಿದ್ದರು. ಬಂದ್ ದಿನ ಹಾಗೆ ರಸ್ತೆಯಲ್ಲೇ ಬೇಯಿಸಿ ಉಣ್ಣುವುದು ಆಗಿನ ರೂಢಿ. ನಾನು ನಿಲ್ಲಿಸಿದ ಕೂಡಲೇ ಒಬ್ಬ ಯುವಕ ಸೌಟು ಬಿಸಾಕಿ ಓಡಿಬಂದ. ಅವನ ಹೆಸರು ಪ್ರಕಾಶ ಎಂದು ಆಮೇಲೆ ತಿಳಿಯಿತು.

"ನನ್ನ ತಂಗಿನ ಎಲ್ಲಿ ಬಿಟ್ಟಿ?"

ಯಾವ ತಂಗಿ ಎಂದೆ. ಅವನ ಮುಖ ಬಿಳಿಚಿತು. "ಝೂಟ್ ಮಾತಾಡಬ್ಯಾಡ. ತಾಸಿನ ಹಿಂದ ಇಲ್ಲೇ, ಈ ಸೀಟಿನ ಮ್ಯಾಲೆ ನಾನೇ ಕೂಡ್ಸೀನಿ. ಹಡಿಯೋ ಬ್ಯಾನಿ ಸುರು ಆಗಿತ್ತು. ಜಹೀರಾಬಾದ್ ದವಾಖಾನಿಗಿ ಮುಟ್ಟಸ್ತೀನಿ ಅಂದಿ. ಮುಂದ ಹೋದ ಗಾಡಿ ಹಿಂದಿಂದ ಹ್ಯಾಂಗ ಬಂತು?"

ಜನ ಸುತ್ತುಗಟ್ಟಿದರು. ಇದೇ ಮುಖ, ಇದೇ ಹಸಿರು ಮಫ್ಲರ್, ಇದೇ ರಾಜಸ್ಥಾನದ ನಂಬರ್ ಎಂದರು. ವ್ಯಾನಿನಲ್ಲಿ ಒಬ್ಬರಿಗೇ ಜಾಗವಿತ್ತಂತೆ, ಅದಕ್ಕೇ ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸಿದ್ದರಂತೆ. ಅವಳ ಕೈಯಲ್ಲಿ ಫೋನೂ ಇರಲಿಲ್ಲ. ರಸ್ತೆ ಬದಿ ಕೂತಿದ್ದ ಅವಳ ತಾಯಿ ಎದ್ದು ಬಂದು ನನ್ನ ಅಂಗಿ ಹಿಡಿದಳು. "ಆಗ ಅಂಗಿ ಸಾಫ್ ಇತ್ತಲ್ಲೋ ಯಪ್ಪಾ. ಈ ರಗತ ಯಾರ್ದು?"

ಗಾಯದ ಬೆರಳು ತೋರಿಸಿದೆ, ಪಂಕ್ಚರಾದ ಟೈರು ತೋರಿಸಿದೆ. ಯಾರೂ ನಂಬಲಿಲ್ಲ, ಅವರ ಜಾಗದಲ್ಲಿ ನಾನೂ ನಂಬುತ್ತಿರಲಿಲ್ಲ. ಕೊನೆಗೆ, ಯಾರಾದರೂ ನನ್ನ ಜೊತೆ ಬನ್ನಿ, ಜಹೀರಾಬಾದಿಗೇ ಹೋಗಿ ನೋಡೋಣ ಎಂದೆ. ಪ್ರಕಾಶ ಒಂದು ಕಲ್ಲು ಕೈಯಲ್ಲಿ ಹಿಡಿದೇ ಪಕ್ಕದ ಸೀಟಿನಲ್ಲಿ ಕೂತ.

ದಾರಿಯುದ್ದಕ್ಕೂ ಅವನು ರಸ್ತೆಯ ಎರಡೂ ಬದಿಯ ಕಬ್ಬಿನ ಹೊಲಗಳನ್ನು, ತಗ್ಗುಗಳನ್ನು ನೋಡುತ್ತಿದ್ದ. ಏನು ಹುಡುಕುತ್ತಿದ್ದಾನೆಂದು ನನಗೆ ತಿಳಿಯಿತು. ನಡುವೆ ಇನ್ನೊಂದು ಕಡೆ ರಸ್ತೆ ತಡೆದಿದ್ದರು. ಅಲ್ಲಿದ್ದ ಮುದುಕ ನನ್ನನ್ನು ಕಂಡವನೇ ಕೈ ಬೀಸಿದ. "ಮತ್ತ ಬಂದ್ರೇನ್ರಿ? ಆ ಹೆಣ್ಮಗಳು ಆರಾಮ ಅದಾಳೇನ್ರಿ?" ದವಾಖಾನೆಯಲ್ಲಿ ಆಕೆ ಇಲ್ಲದಿದ್ದರೆ ಈ ಹುಡುಗ ನನ್ನನ್ನು ಕೊಲ್ಲುತ್ತಾನೆ, ಕೊಂದರೂ ತಪ್ಪೆನ್ನುವಂತಿಲ್ಲ ಎಂದು ಯೋಚಿಸುತ್ತಲೇ ಗಾಡಿ ಓಡಿಸಿದೆ.

ಆಕೆ ಇದ್ದಳು. ಹೆರಿಗೆ ಕೋಣೆಯ ಪಕ್ಕದ ಮಂಚದ ಮೇಲೆ ಮಲಗಿದ್ದಳು, ಮಗ್ಗುಲಲ್ಲಿ ಕೆಂಪಗಿನ ಗಂಡುಮಗು. ಪ್ರಕಾಶನ ಕೈಯ ಕಲ್ಲು ಅಲ್ಲೇ ನೆಲಕ್ಕೆ ಬಿತ್ತು, ಅವನು ಹೆಂಗಸಿನಂತೆ ಅಲ್ಲ, ಗಂಡಸಿನಂತೆಯೂ ಅಲ್ಲ, ಮಗುವಿನಂತೆ ಅತ್ತ. ನರ್ಸ್ ನನ್ನನ್ನು ನೋಡಿ, ಇನ್ನು ಸ್ವಲ್ಪ ತಡವಾಗಿದ್ದರೆ ಎರಡು ಜೀವವೂ ಉಳಿಯುತ್ತಿರಲಿಲ್ಲ ಎಂದಳು.

ಸುನೀತಾ, ಅದು ತಂಗಿಯ ಹೆಸರು, ನನಗೆ ಕೈ ಮುಗಿದಳು. "ಅಣ್ಣಾ, ಒಳಗ ಬರ್ರಿ ಅಂದ್ರ ಬರಲೇ ಇಲ್ಲ. ಮನಿಗಿ ಹೋಗಾಕ ತಡ ಆಗ್ತದ ಅಂದ್ರಿ. ನಿಮ್ಮ ಕೌದಿ ಇಲ್ಲೇ ಬಿಟ್ಟು ಹೋಗೀರಿ ನೋಡ್ರಿ."

ಆಕೆ ಹೊದ್ದಿದ್ದ ಕೌದಿಯಲ್ಲಿ ನೀಲಿ ಜೇಬಿತ್ತು. ಜೇಬಿನ ಮೇಲೆ ಸುಟ್ಟ ತೂತಿತ್ತು. ನಾನು ಆ ತೂತಿನಲ್ಲಿ ಕಿರುಬೆರಳು ತೂರಿಸಿ ನೋಡಿದೆ. ಆಮೇಲೆ ಹೊರಗೆ ಓಡಿ, ಹಾಸಿಗೆಯ ಗಂಟಿನ ಹಗ್ಗ ಬಿಚ್ಚಿದೆ. ನನ್ನ ಕೌದಿ ಮಡಿಕೆ ಕೆಡದೆ ಅಲ್ಲೇ ಇತ್ತು, ಅದೇ ಜೇಬು, ಅದೇ ತೂತು.

ಆ ಸಂಜೆ ತಾಂಡೂರು ಮುಟ್ಟಿ ಬೀಗದ ಕೈ ಕೇಳುವ ಮೊದಲೇ ಬಾಡಿಗೆ ಮನೆಯ ಮಾಲೀಕರನ್ನು, ನನ್ನ ಹೆಸರು ಹೇಳಿಕೊಂಡು ಯಾರಾದರೂ ಬಂದಿದ್ದರೇ ಎಂದು ಕೇಳಿದೆ. ಯಾರೂ ಬಂದಿರಲಿಲ್ಲ. ಜಹೀರಾಬಾದಿನಿಂದ ಈಚೆ ಆ ವ್ಯಾನನ್ನು ಕಂಡವರು ಒಬ್ಬರೂ ನನಗೆ ಸಿಗಲಿಲ್ಲ. ಪಂಕ್ಚರ್ ಆಗದಿದ್ದರೆ ಸರಿಯಾಗಿ ಆ ಹೊತ್ತಿಗೆ ನಾನು ಆ ರಸ್ತೆಯಲ್ಲಿರುತ್ತಿದ್ದೆ ಎನ್ನುವುದೊಂದು ಮಾತ್ರ ಗೊತ್ತು. ಅದರಾಚೆ ನನ್ನ ತೂಗುಗುಂಡು ಇಳಿಯುವುದಿಲ್ಲ.

ಮುಂದೆ ನಮ್ಮ ಕೌದಿಯ ಜೊತೆ ಹೆಂಡತಿಯನ್ನು ಸುನೀತಾಳ ಊರಿಗೆ ಕರೆದೊಯ್ದಾಗ, ಅವಳು ಎರಡೂ ಕೌದಿಗಳನ್ನು ಅಂಗಳದಲ್ಲಿ ಹಾಸಿ ಬಹಳ ಹೊತ್ತು ಹೊಲಿಗೆ ನೋಡಿದಳು. "ಎರಡೂ ನನ್ನ ಕೈಯಿಂದೇ ಅವ. ಆದ್ರ ನಾ ಹೊಲಿದಿದ್ದು ಒಂದೇ" ಎಂದಳು. ಸುನೀತಾಳ ಮಗ ಈಗಲೂ ದವಾಖಾನೆಯ ಆ ಕೌದಿಯನ್ನೇ ಹೊದ್ದು ಮಲಗುತ್ತಾನೆ, ನನ್ನನ್ನು ಮಾಮಾ ಎನ್ನುತ್ತಾನೆ. ಅದು ನಾನಲ್ಲ ಎಂದು ಎಷ್ಟು ಸಲ ಹೇಳಿದರೂ ಅವರ ಮನೆಯವರು ನಕ್ಕು ಇನ್ನೊಂದು ರೊಟ್ಟಿ ಹಾಕುತ್ತಾರೆ.

ನನಗೆ ಸಲ್ಲದ ಆ ರೊಟ್ಟಿ ತಿನ್ನುವಾಗಲೆಲ್ಲ ನನಗಿಂತ ಮೊದಲು ಹೋದ ಅವನ ನೆನಪಾಗುತ್ತದೆ. ಮನೆಗೆ ಹೋಗಲು ತಡವಾಗುತ್ತದೆ ಎಂದಿದ್ದನಂತೆ. ಅದಕ್ಕೇ ನಮ್ಮ ಮನೆಯ ಹೊರಗಿನ ದೀಪವನ್ನು ನಾನು ರಾತ್ರಿ ಆರಿಸುವುದಿಲ್ಲ. ಕರೆಂಟ್ ಬಿಲ್ ಬಂದಾಗ ಹೆಂಡತಿ ಗೊಣಗುತ್ತಾಳೆ, ಆದರೆ ಅವಳೂ ಆರಿಸುವುದಿಲ್ಲ.