ಮೂವತ್ತೊಂದನೇ ಫೋಟೋ

ಫೋಕಸ್ ಅನ್ನುವುದು ಅವನ ಅಡ್ಡಹೆಸರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕಿರುಕೋಣೆಯಲ್ಲಿ, ಗಾಜಿನ ಅಂಚು ಅರೆಯುವ ಕಲ್ಲಿನ ಮುಂದೆ ಕೂತು ಇಪ್ಪತ್ತೆಂಟು ವರ್ಷ ಸವೆಸಿದ ಮನುಷ್ಯ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಜನ್ನು ಪಕ್ಕಕ್ಕೆಸೆದು ಹೊಸದಕ್ಕೆ ಕೈಹಾಕುತ್ತಿದ್ದ. ವಯಸ್ಸು ಐವತ್ತನಾಲ್ಕು, ಮದುವೆ ಇಲ್ಲ, ಎಂಬತ್ತೊಂದರ ತಾಯಿಯ ಜೊತೆ ವಾಸ. ಯಾಕೆ ಮದುವೆಯಾಗಲಿಲ್ಲ ಅಂತ ಯಾರಾದರೂ ಕೇಳಿದರೆ ಅಂಗಡಿಯ ಯಜಮಾನರೇ ಉತ್ತರ ಕೊಟ್ಟುಬಿಡುತ್ತಿದ್ದರು: “ಆಗಿದ್ದಾನಲ್ರೀ, ಹೆಂಡ್ತೀನ ಅಂಗಿ ಜೇಬಲ್ಲೇ ಇಟ್ಕೊಂಡು ಓಡಾಡ್ತಾನೆ.”

ಜೇಬಿನಲ್ಲಿದ್ದದ್ದು ಕ್ಯಾಮೆರಾ. ರೀಲು ಹಾಕುವ ಹಳೇ ಕಾಲದ್ದು, ಕಪ್ಪು ಬಣ್ಣ, ಸೋಪಿನ ಡಬ್ಬಿಯಷ್ಟು ಗಾತ್ರ. ಮುಚ್ಚಳ ಪಕ್ಕಕ್ಕೆ ಸರಿಸಿದರೆ ಲೆನ್ಸು ಸುಂಯ್ ಅಂತ ಹೊರಬರುತ್ತಿತ್ತು. ಬಟನ್ ಅರ್ಧ ಒತ್ತಿದರೆ ದೂರವನ್ನು ತಾನೇ ಅಳೆದುಕೊಂಡು, ಕಣ್ಣಿಟ್ಟು ನೋಡುವ ಕಿಂಡಿಯ ಮೂಲೆಯಲ್ಲಿ ಹಸಿರು ದೀಪ ಹತ್ತಿಸುತ್ತಿತ್ತು. ಹದಿನೆಂಟು ವರ್ಷದ ಹಿಂದೆ ಬಾಗಿಲು ಹಾಕುತ್ತಿದ್ದ ಒಂದು ಸ್ಟುಡಿಯೋದಿಂದ ತಂದದ್ದು. ಅಂದಿನಿಂದ ಅದನ್ನು ತಲೆ ಮೇಲೆ ಕೂರಿಸಿಕೊಂಡಿದ್ದ. ಕನ್ನಡಕಕ್ಕೆ ಬಂದ ಗಿರಾಕಿ ಅಪ್ಪಿತಪ್ಪಿ “ಇದೇನ್ರೀ, ರೀಲಿನ ಕ್ಯಾಮೆರಾನಾ?” ಅಂದರೆ ಮುಗಿಯಿತು, ಆ ಗಿರಾಕಿಯ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ.

“ಇದು ನಟ್ಟನಡುವೆ ಇರೋದನ್ನ ಮಾತ್ರ ನೋಡತ್ತೆ ಸಾರ್,” ಅಂತ ಶುರು ಹಚ್ಚುತ್ತಿದ್ದ. “ಇಬ್ಬರನ್ನ ಕೂರಿಸಿದಾಗ ಹುಷಾರಾಗಿರ್ಬೇಕು. ಮೊದಲು ಒಬ್ಬರ ಮುಖಕ್ಕೆ ಹಿಡೀರಿ, ಬಟನ್ ಅರ್ಧ ಒತ್ತಿ. ಒತ್ತಿದ ಬೆರಳು ಬಿಡದೆ ಇಬ್ಬರೂ ಕಾಣೋ ಹಾಗೆ ತಿರುಗಿಸಿ, ಆಮೇಲೆ ಪೂರ್ತಿ ಒತ್ತಿ. ಇಲ್ಲಾಂದ್ರೆ ಇಬ್ಬರ ಸಂದೀಲಿ ತೂರ್ಕೊಂಡು ಹೋಗಿ ಹಿಂದಿನ ಗೋಡೆ ನೋಡ್ಕೊಂಡ್ಬಿಡತ್ತೆ. ಹಸಿರು ದೀಪ ಆಗಲೂ ಬರತ್ತೆ, ಅದನ್ನ ನಂಬಿ ಕೆಡ್ಬಾರ್ದು.” ಈ ಪಾಠವನ್ನು ಅವನು ಎಷ್ಟು ಜನರ ತಲೆಗೆ ತುರುಕಿದ್ದನೋ ದೇವರಿಗೇ ಗೊತ್ತು.

ಫೋನಿನಲ್ಲಿ ಫೋಟೋ ತೆಗೆಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಒಂದು ಸಂದರ್ಭಕ್ಕೆ ಒಂದೇ ಫೋಟೋ, ರೀಲಿನ ಮೂವತ್ತಾರು ಫೋಟೋಗಳೂ ಮುಗಿಯದೆ ತೊಳೆಯಲು ಕಳಿಸುವಂತಿಲ್ಲ, ತಾನು ಕ್ಯಾಮೆರಾ ಎತ್ತಿದ ಕಡೆ ಯಾರೂ ಫೋನ್ ಎತ್ತುವಂತಿಲ್ಲ. ಇವು ಅವನ ಕಾನೂನು. ಒಂಟಿ ಮನುಷ್ಯನ ಹುಚ್ಚು, ಯಾರಿಗೇನು ನಷ್ಟ ಅಂತ ಎಲ್ಲರೂ ಸುಮ್ಮನಿದ್ದರು. ನಷ್ಟವಾದದ್ದು ಅವನ ಅಕ್ಕನಿಗೆ.

ಅಕ್ಕ ಅವನಿಗಿಂತ ನಾಲ್ಕು ವರ್ಷ ದೊಡ್ಡವಳು, ಆಸ್ಪತ್ರೆಯಲ್ಲಿ ನರ್ಸು. ಹತ್ತೊಂಬತ್ತು ವರ್ಷದ ಹಿಂದೆ ಅಪ್ಪನಿಗೆ ಆಪರೇಷನ್ ಮಾಡಿಸಲೇಬೇಕು ಅಂತ ಹಟ ಹಿಡಿದವಳು ಅವಳು. ಬೇಡ ಅಂದವಳು ಅಮ್ಮ. ಅಪ್ಪ ಆಪರೇಷನ್ ಟೇಬಲ್ಲಿನ ಮೇಲಿಂದ ಏಳಲಿಲ್ಲ. ಅಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ, ಜೊತೆಯ ನರ್ಸುಗಳೆಲ್ಲ ನೋಡುತ್ತಿದ್ದಂತೆ, “ಕೊಂದ್ಯಲ್ಲೇ” ಅಂದಳು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮನೆಗೆ ಬಂದು, ಬಟ್ಟೆ ಹೊಲಿಯುವ ಕತ್ತರಿ ತೆಗೆದುಕೊಂಡು ಆಲ್ಬಮ್ಮಿನ ಪ್ರತಿ ಫೋಟೋದಿಂದ ಮಗಳನ್ನು ಕತ್ತರಿಸಿ ಹಾಕಿದಳು. ತನ್ನ ತೊಡೆಯ ಮೇಲೆ ಕೂತ ಮೂರು ವರ್ಷದ ಕೂಸನ್ನೂ ಬಿಡಲಿಲ್ಲ, ಸುತ್ತ ನಾಜೂಕಾಗಿ ಕತ್ತರಿಯಾಡಿಸಿ ತೆಗೆದಳು. ಆ ಫೋಟೋದಲ್ಲಿ ಅಮ್ಮ ಈಗಲೂ ಒಂದು ತೂತನ್ನು ತಬ್ಬಿಕೊಂಡು ಕೂತಿದ್ದಾಳೆ. ಎಂಥ ಹೆಂಗಸಪ್ಪಾ ಇವಳು!

ಆಮೇಲೆ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಕನಿಗೆ ಉಳಿದದ್ದು ಒಂದೇ ಆಸೆ, ಅದನ್ನು ತಮ್ಮನಿಗೆ ಬಾಯಿಬಿಟ್ಟೇ ಹೇಳಿದ್ದಳು. “ನನ್ನ ಕ್ಷಮಿಸೋದು ಬೇಡ ಕಣೋ. ಅವಳ ಪಕ್ಕ ಕೂತಿರೋ ಒಂದು ಫೋಟೋ ಇರ್ಲಿ. ನಾನೂ ಅವಳ ಹೊಟ್ಟೇಲಿ ಹುಟ್ಟಿದೀನಿ ಅನ್ನೋದಕ್ಕೆ ನನ್ನ ಹತ್ರ ಏನೂ ಇಲ್ಲ.”

ತಮ್ಮ ಎರಡು ವರ್ಷ ಅಮ್ಮನ ಕಾಲು ಹಿಡಿದ, ಊಟ ಬಿಟ್ಟ, ಅತ್ತ. ಕೊನೆಗೆ ಅಮ್ಮ, “ಬರ್ಲಿ, ಒಂದು ಗಂಟೆ. ನಿನ್ನ ಆ ಡಬ್ಬೀಲಿ ಅದೇನು ತೆಕ್ಕೋತೀಯೋ ತೆಕ್ಕೋ,” ಅಂದಳು.

ಅಕ್ಕ ಒಂದು ಭಾನುವಾರ ಬೆಳಿಗ್ಗೆ ಮಗಳ ಜೊತೆ ಬಂದಳು. ಉದ್ದನೆಯ ಹಾಲಿನ ಈ ತುದಿಯಲ್ಲಿ, ಕಿಟಕಿಯ ಹತ್ತಿರ ಬೆಂಚು. ಬೆಂಚಿನ ಹಿಂದೆ, ದೂರದ ಆ ತುದಿಯ ಗೋಡೆಯಲ್ಲಿ ಒಂದು ಕ್ಯಾಲೆಂಡರು, ಒಂದು ಸ್ವಿಚ್‌ಬೋರ್ಡು. ಅಮ್ಮ ಬೆಂಚಿನ ಒಂದು ಕೊನೆ ಹಿಡಿದಳು, ಅಕ್ಕ ಇನ್ನೊಂದು ಕೊನೆ.

“ಹತ್ತಿರ ಕೂತ್ಕೊಳ್ಳಿ,” ಅಂದ ಫೋಕಸ್.

“ಇಷ್ಟೇ ಸಾಕು,” ಅಂದಳು ಅಮ್ಮ. ಅಕ್ಕ ಒಂದಿಷ್ಟು ಸರಿದಳು. ನಡುವೆ ಒಂದು ಮೊಳ ಜಾಗ ಉಳಿಯಿತು.

ಅಕ್ಕನ ಮಗಳು ಫೋನ್ ಹೊರಗೆ ತೆಗೆದಳು. “ಮಾವ, ನಾನೂ ಒಂದು ತೆಕ್ಕೋತೀನಿ.”

“ಒಳಗಿಡು ಅದನ್ನ!” ಅಂತ ಗದರಿದ. “ಇದು ನಿಮ್ಮ ಹೋಟೆಲ್ ತಿಂಡಿ ಫೋಟೋ ಅಲ್ಲ. ಬ್ಯಾಗಿಗೆ ಹಾಕು, ಜಿಪ್ ಎಳಿ.” ಹುಡುಗಿ ಮುಖ ಸಣ್ಣದು ಮಾಡಿಕೊಂಡು ಜಿಪ್ ಎಳೆದಳು.

ಅವನು ಮೂರಡಿ ದೂರದಲ್ಲಿ ಮಂಡಿಯೂರಿ ಕ್ಯಾಮೆರಾ ಎತ್ತಿದ. ಮೊದಲು ಅಮ್ಮನ ಮುಖಕ್ಕೆ ಹಿಡಿಯಬೇಕು, ಅರ್ಧ ಒತ್ತಬೇಕು. ಗೊತ್ತಿತ್ತು. ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಅಷ್ಟರಲ್ಲಿ ಅಮ್ಮ ಮಗಳ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, “ನಿಂಗೂ ಕನ್ನಡಕ ಬಂತೇನೇ? ಮುದುಕಿ ಆದ್ಯಲ್ಲೇ!” ಅಂದು ನಕ್ಕುಬಿಟ್ಟಳು. ಅಕ್ಕನಿಗೂ ನಗು ಬಂತು, ಅಳುವೂ ಬಂತು. ಫೋಕಸ್‌ನ ಕಣ್ಣು ಮಂಜಾಯಿತು. ಈ ನಗು ಹೋದರೆ ಮತ್ತೆ ಬರುವುದಿಲ್ಲ ಅಂತ ಎದೆ ಹಾರಿತು. ಇಬ್ಬರೂ ಕಿಂಡಿಯಲ್ಲಿದ್ದರು, ಹಸಿರು ದೀಪ ಹತ್ತಿತ್ತು, ಒತ್ತಿಬಿಟ್ಟ. ಫ್ಲ್ಯಾಶ್ ಹೊಡೆಯಿತು. ಕ್ಯಾಮೆರಾ ಮೂವತ್ತೊಂದು ತೋರಿಸಿತು.

“ಮಾವ, ಇನ್ನೊಂದು ತೆಗೀರಿ ಪ್ಲೀಸ್,” ಅಂದಳು ಅಕ್ಕನ ಮಗಳು.

“ಇನ್ನೊಂದು ಬೇಕಾಗೋದು ನಿಮ್ಮ ಫೋನಿಗೆ,” ಅಂದ ಫೋಕಸ್, ಮುಚ್ಚಳ ಮುಚ್ಚುತ್ತಾ.

ಒಂದು ಗಂಟೆ ಆಗುತ್ತಲೇ ಅಮ್ಮ ಗಡಿಯಾರ ನೋಡಿ ಎದ್ದಳು. ಅಕ್ಕ ಹೊರಟಳು.

ರೀಲಿನಲ್ಲಿ ಐದು ಉಳಿದಿದ್ದವು. ಅಕ್ಕ ದಿನಾ ಫೋನ್ ಮಾಡಿದಳು. “ಸುಮ್ನೆ ಗೋಡೆಗೆ ಹಿಡಿದು ಮುಗಿಸಿ ಕಳ್ಸೋ,” ಅಂದಳು. “ರೀಲಿಗೂ ಒಂದು ಮರ್ಯಾದೆ ಇದೆ ಅಕ್ಕ. ಎಲ್ಲೂ ಓಡಿಹೋಗಲ್ಲ, ಭದ್ರವಾಗಿದೆ,” ಅಂದ ಈ ಪುಣ್ಯಾತ್ಮ. ಅರೆಯುವ ಕಲ್ಲಿನದೊಂದು ತೆಗೆದ. ಮೂರು ದಿನ ಬಿಟ್ಟು ಯಜಮಾನರ ಕೊಡೆಯದು. ಹೀಗೆ ಮೂರು ವಾರ ಎಳೆದ. ಆ ಮೂರು ವಾರವೂ ಅಮ್ಮ ಗುಂಡುಕಲ್ಲಿನ ಹಾಗಿದ್ದಳು. ರೀಲು ಅಂದೇ ತೊಳೆಸಿದ್ದರೆ ತಪ್ಪು ಕಾಣುತ್ತಿತ್ತು, ಅಕ್ಕನನ್ನು ಮತ್ತೆ ಕರೆಸಬಹುದಿತ್ತು. ನಾಲ್ಕನೇ ವಾರ, ರೀಲು ಲ್ಯಾಬಿನಲ್ಲಿದ್ದಾಗ, ಅಮ್ಮ ಬಚ್ಚಲಲ್ಲಿ ಬಿದ್ದವಳು ಮತ್ತೆ ಏಳಲಿಲ್ಲ.

ಫೋಟೋಗಳ ಲಕೋಟೆ ಬಂದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಪರೀಕ್ಷಿಸುವ ದೀಪದ ಕೆಳಗೆ ಬಿಚ್ಚಿದ. ಮೂವತ್ತೊಂದನೆಯದು ಕೈಗೆ ಬಂತು. ಗೋಡೆ ಸೊಗಸಾಗಿ ಬಂದಿತ್ತು. ಕ್ಯಾಲೆಂಡರಿನ ತಾರೀಖುಗಳನ್ನು ಓದಬಹುದಿತ್ತು, ಸ್ವಿಚ್ಚುಗಳನ್ನು ಎಣಿಸಬಹುದಿತ್ತು. ಅದರ ಮುಂದೆ ಎರಡು ಬಿಳಿ ಮುದ್ದೆಗಳು, ಆಚೆಗೊಂದು ಈಚೆಗೊಂದು. ದೂರದ ಗೋಡೆಯ ಲೆಕ್ಕದಲ್ಲಿ ಹೊಡೆದ ಫ್ಲ್ಯಾಶು ಹತ್ತಿರದ ಮುಖಗಳನ್ನು ಸುಟ್ಟುಹಾಕಿತ್ತು. ಕಣ್ಣಿಲ್ಲ, ಮೂಗಿಲ್ಲ, ನಗುವಂತೂ ಇಲ್ಲವೇ ಇಲ್ಲ. ಅವನು ಭೂತಗಾಜು ಹಿಡಿದು ಹುಡುಕಿದ. ಯಜಮಾನರು ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಅಕ್ಕನಿಗೆ ಸುಳ್ಳು ಹೇಳಿದ. “ಲ್ಯಾಬಿನೋರು ರೀಲು ಹಾಳು ಮಾಡಿಬಿಟ್ರಂತೆ.” ಅಕ್ಕನ ಮಗಳು ಲ್ಯಾಬಿಗೇ ಫೋನ್ ಮಾಡಿ ಕೇಳಿದಳು. ಮೂವತ್ತಾರೂ ತೊಳೆದು ಕಳಿಸಿದ್ದೇವೆ ಅಂದರು ಅವರು.

ಮರುದಿನ ಅಕ್ಕ ಅಂಗಡಿಗೆ ಬಂದು, ಗಿರಾಕಿಗಳ ಎದುರಿಗೇ ಕೈ ಚಾಚಿ ನಿಂತಳು. ಅವನು ಕೊಟ್ಟ. ಅವಳು ನೋಡಿದಳು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಹಾಕಿಕೊಂಡು ಮತ್ತೆ ನೋಡಿದಳು. ಆ ಗಾಜು ಅರೆದವನು ಅವನೇ.

“ಕನ್ನಡಕ ಸರಿಯಾಗೇ ಇದೆ,” ಅಂದಳು.

“ಅಕ್ಕ, ಅಮ್ಮ ನಕ್ಳು. ಅದಕ್ಕೇ ಅವಸರದಲ್ಲಿ…”

“ನಕ್ಳು ಅಂತ ನಂಗೊತ್ತು. ಪಕ್ಕದಲ್ಲಿ ಇದ್ದೋಳು ನಾನು. ಎಲ್ಲಿದೆ? ತೋರ್ಸು.”

ಅವನು ಒಂದು ಬಿಳಿ ಮುದ್ದೆಯ ಮೇಲೆ ಬೆರಳಿಟ್ಟ.

“ಅಮ್ಮ ನನ್ನೊಬ್ಬಳನ್ನ ಕತ್ತರಿಸಿ ಹಾಕಿದ್ಲು,” ಅಂದಳು ಅಕ್ಕ. “ನೀನು ಅವಳನ್ನೂ ಬಿಡಲಿಲ್ಲ.”

ಅಲ್ಲಿಗೆ ಅವನ ಪಾಲಿನ ಶಿಕ್ಷೆ ಮುಗಿಯಿತು ಅಂದುಕೊಳ್ಳಬೇಡಿ. ಅವಳು ಆ ತಾಯಿಯ ಮಗಳು. ಫೋಟೋವನ್ನು ಕಿಟಕಿಯಷ್ಟು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ತನ್ನ ಮನೆಯ ಹಾಲಿನಲ್ಲಿ ತಮ್ಮ ಕೂರುವ ಕುರ್ಚಿಯ ನೇರ ಎದುರಿಗೆ ತೂಗುಹಾಕಿದಳು. ಭಾನುವಾರದ ಊಟಕ್ಕೆ ತಪ್ಪದೆ ಕರೆಯುತ್ತಾಳೆ. ಕ್ಯಾಮೆರಾ ತರಲೇಬೇಕು ಅನ್ನುತ್ತಾಳೆ. ಬೇರೆ ಕುರ್ಚಿಗೆ ಹೋದರೆ, “ಅಲ್ಲಿ ಬೇಡ, ನಿನ್ನ ಜಾಗದಲ್ಲೇ ಕೂತ್ಕೋ,” ಅಂತ ಎಬ್ಬಿಸುತ್ತಾಳೆ. ಬಡಿಸುವಾಗ ಅವನ ತಟ್ಟೆಗೆ ಒಂದು ಸೌಟು ಹೆಚ್ಚೇ ಹಾಕುತ್ತಾಳೆ.

ಹೊಸಬರು ಬಂದವರು ಗೋಡೆ ನೋಡಿ, ಇದು ಯಾರ ಫೋಟೋ ಅಂತ ಕೇಳುತ್ತಾರೆ.

“ನಮ್ಮಮ್ಮ ಮತ್ತೆ ನಾನು,” ಅನ್ನುತ್ತಾಳೆ ಅಕ್ಕ. “ನನ್ನ ತಮ್ಮ ತೆಗೆದಿದ್ದು. ಅವನ ಕ್ಯಾಮೆರಾ ತುಂಬಾ ಒಳ್ಳೇದು, ತಾರೀಖು ಕೂಡ ಕಾಣತ್ತೆ ನೋಡಿ. ಏಯ್, ಹೇಳೋ ಇವರಿಗೆ, ಇಬ್ಬರನ್ನ ಕೂರಿಸಿದಾಗ ಹೇಗೆ ತೆಗೀಬೇಕು ಅಂತ.”

ಅವನು ಅನ್ನ ನುಂಗಿ ಹೇಳುತ್ತಾನೆ. ಮೊದಲು ಒಬ್ಬರ ಮುಖಕ್ಕೆ ಹಿಡೀಬೇಕು, ಅರ್ಧ ಒತ್ತಬೇಕು. ಅವಳು ಕೊನೆಯ ಮಾತಿನವರೆಗೂ ಕೇಳಿಸಿಕೊಳ್ಳುತ್ತಾಳೆ. ಮುಂದಿನ ಭಾನುವಾರವೂ ಅವನು ಬರುತ್ತಾನೆ, ಹೋಗೋಣ ಅಂದರೆ ಅವನಿಗೆ ಬೇರೆ ಯಾರ ಮನೆಯೂ ಇಲ್ಲ.