ಘಾರಾಪುರಿಗೆ ಹೋದ ಡಬರಿ

೧೯೫೫ರ ಫೆಬ್ರವರಿ ತಿಂಗಳು, ಒಂದು ರವಿವಾರ, ಬೆಳಗಿನ ಐದೂವರೆ ಗಂಟೆ. ಸ್ಥಳ, ಅಂಧೇರಿ ಸ್ಟೇಷನ್ನಿನ ಹತ್ತಿರದ ಒಂದು ಚಾಳಿನ ಮೊದಲ ಮಹಡಿ. ಹಾಜರಿದ್ದವರು ಮೂವರು: ನನ್ನ ಕಾಕಾ, ಅಂದರೆ ತಂದೆಯ ತಮ್ಮ, ಅವರ ಹೆಂಡತಿ ಕಾಕು, ಮತ್ತು ನಾನು. ಕಾಕಾ ಬಟ್ಟೆ ಗಿರಣಿಯೊಂದರ ಆಫೀಸಿನಲ್ಲಿ ಗುಮಾಸ್ತರು. ನಾನು ಪುಣೆಯಲ್ಲಿ ಕಾಲೇಜು ವಿದ್ಯಾರ್ಥಿ. ಶನಿವಾರ, ರವಿವಾರ ಮುಂಬಯಿ ನೋಡಿ ಬರಲು ಹಾಸ್ಟೆಲ್ಲಿನಲ್ಲಿ ಅಪ್ಪಣೆ ಪಡೆದು ಬಂದಿದ್ದೆ.

ಆ ಹಾಸ್ಟೆಲ್ಲಿನಲ್ಲಿ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು. ಹಾಗಾಗಿ ಊರು ನೋಡುವುದಕ್ಕೂ ಒಂದು ವೇಳಾಪಟ್ಟಿ ಬೇಕು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ, ಇಂದಿಗೂ ಇಲ್ಲ. ಶನಿವಾರ ಬೋರಿಬಂದರಿನಲ್ಲಿ ಇಳಿದವನು ಮೊದಲು ಸ್ಟೇಷನ್ನಿನ ಗುಮ್ಮಟವನ್ನೇ ನೋಡಿದೆ. ಆಮೇಲೆ ಕೋಟೆ ಭಾಗದ ಕಲ್ಲಿನ ಕಟ್ಟಡಗಳು, ಆಮೇಲೆ ಮ್ಯೂಸಿಯಂ, ಸಂಜೆ ಚೌಪಾಟಿಯ ಮರಳು. ಎಲ್ಲವೂ ಅಂದುಕೊಂಡ ಹೊತ್ತಿಗೆ ಮುಗಿದವು. ದೀಪ ಹಚ್ಚುವ ಹೊತ್ತಿಗೆ ಅಂಧೇರಿ ಮುಟ್ಟಿದೆ.

ಊಟಕ್ಕೆ ಕೂತಾಗ ಕಾಕು ಒಂದೊಂದಾಗಿ ಕೇಳಿದರು. ಮಹಡಿ ಟ್ರಾಮಿನಲ್ಲಿ ಮೇಲೆ ಕೂತೆಯೋ ಕೆಳಗೋ, ಮ್ಯೂಸಿಯಂನಲ್ಲಿ ಏನಿತ್ತು, ಭೇಳ್ ಖಾರ ಇತ್ತೇ. ಕೊನೆಗೆ, ನಾಳೆ ಎಲ್ಲಿಗೆ ಎಂದರು.

"ಘಾರಾಪುರಿಗೆ, ಕಾಕು. ಲಾಂಚಿನಾಗ ಆ ದ್ವೀಪಕ್ಕ ಹೋಗಿ ಶಿವನ ಗವಿ ನೋಡ್ಕೊಂಡು ಬರ್ತೀನಿ."

"ಹಂಗಾದ್ರ ಬುತ್ತಿ ಕಟ್ಟಬೇಕು."

"ನೀವು ನೋಡೀರಲ್ಲಾ, ಅಲ್ಲಿ ಮೊದಲ ಯಾವುದು ನೋಡಬೇಕು ಹೇಳ್ರಿ."

ಕಾಕಾ ತಾಟಿನಿಂದ ತಲೆ ಎತ್ತಲಿಲ್ಲ. ಕಾಕು ನಕ್ಕುಬಿಟ್ಟರು.

"ನಾ ಎಲ್ಲಿ ನೋಡೇನೋ ತಮ್ಮಾ? ನಾ ಬುತ್ತಿ ಕಟ್ಟಾಕಿ ಅಷ್ಟ. ನಿಮ್ಮಪ್ಪ ಬಂದಾಗ ಕಟ್ಟಿದೆ, ನಮ್ಮಣ್ಣ ಬಂದಾಗ ಕಟ್ಟಿದೆ, ವಿಜಾಪುರದಿಂದ ಬೀಗರು ಬಂದಾಗ ಕಟ್ಟಿದೆ. ನೋಡಿ ಬಂದವರು ಒಬ್ಬರು ಶಿವಗ ಮೂರು ಮುಖ ಅಂತಾರ, ಒಬ್ಬರು ನಾಕು ಅಂತಾರ. ಕಣ್ಣು ತೆರದಾನೋ ಮುಚ್ಯಾನೋ ಅಂತ ಕೇಳಿದ್ರ ಒಬ್ಬರಿಗೂ ನೆನಪಿಲ್ಲ. ಅಷ್ಟು ದೂರ ಹೋಗಿ ಕಣ್ಣ ನೋಡದ ಬರ್ತಾರ ನೋಡು!"

"ಘಾರಾಪುರಿ ಎಲ್ಲಿ ಓಡಿ ಹೋಗತದ?" ಎಂದರು ಕಾಕಾ.

"ಅದು ಓಡಿ ಹೋಗೂದಿಲ್ರೀ. ನಾನೂ ಓಡಿ ಹೋಗೂದಿಲ್ಲ. ಅದಕ್ಕ ಹಿಂಗ ಆಗೇದ."

ಮದುವೆಯಾಗಿ ಬಂದಂದಿನಿಂದ ಕಾಕು ನೋಡಿದ ಮುಂಬಯಿ ಎಂದರೆ ಅಂಧೇರಿಯ ಸಂತೆ, ಸಾಂತಾಕ್ರೂಜಿನಲ್ಲಿದ್ದ ಗೆಳತಿಯ ಮನೆ, ಒಮ್ಮೆ ಮಹಾಲಕ್ಷ್ಮಿ ಗುಡಿ. ನಾನು ಆ ಕ್ಷಣವೇ ನನ್ನ ವೇಳಾಪಟ್ಟಿಯಲ್ಲಿ ಇನ್ನಿಬ್ಬರನ್ನು ಸೇರಿಸಿದೆ. ಕಾಕಾ ಸ್ವಲ್ಪ ಗೊಣಗಿ ಒಪ್ಪಿದರು. ಅಡ್ಡ ಬಂದದ್ದು ನೀರು.

ಆ ಚಾಳಿಗೆ ಅಂಗಳದಲ್ಲಿ ಒಂದೇ ನಲ್ಲಿ. ಬೆಳಿಗ್ಗೆ ಏಳರ ಮೇಲೆ ಸ್ವಲ್ಪ ಹೊತ್ತು, ಸಂಜೆ ನಾಲ್ಕರಿಂದ ಐದರವರೆಗೆ ನೀರು. ಇದಕ್ಕೊಂದು ಪದ್ಧತಿ ಇತ್ತು. ಪ್ರತಿ ಮನೆಗೂ ಗುರುತಿನ ಒಂದು ಪಾತ್ರೆ. ಅದಕ್ಕೆ ಪಾಳಿ ಪಾತ್ರೆ ಎಂದು ಹೆಸರು. ಅದನ್ನು ಬೆಳಿಗ್ಗೆಯೇ ನಲ್ಲಿಯ ಮುಂದೆ ಸಾಲಿನಲ್ಲಿ ಇಟ್ಟುಬಿಟ್ಟರೆ ಆ ಮನೆಯವರು ಪಾಳಿಯಲ್ಲಿ ನಿಂತಂತೆ. ಅವರು ಹೊರಗೆ ಹೋಗಿದ್ದರೂ ಸಾಲಿನಲ್ಲಿ ಅವರ ಹಿಂದಿರುವವರು ಆ ಮನೆಯ ಬಾಗಿಲ ಹೊರಗಿಟ್ಟ ಕೊಡಗಳನ್ನು ತುಂಬಿಡಲೇಬೇಕು. ಪಾತ್ರೆ ಇಲ್ಲದಿದ್ದರೆ ಮನೆಯವರು ಊರಲ್ಲಿಲ್ಲ ಎಂದೇ ಅರ್ಥ, ನೀರೂ ಇಲ್ಲ. ಕಾಕುವಿನ ಪಾಳಿ ಪಾತ್ರೆ ಒಂದು ಹಿತ್ತಾಳೆಯ ಡಬರಿ. ನಮ್ಮ ಕಡೆ ಅಂಚು ಕಿರಿದಾದ, ಹೊಟ್ಟೆ ಅಗಲದ ಪಾತ್ರೆಗೆ ಹಾಗೆನ್ನುತ್ತಾರೆ.

"ಡಬರಿ ಇಟ್ಟು ಹೋದ್ರ ಆತು," ಎಂದರು ಕಾಕು. "ಎಲ್ಲಾರ ಕೊಡ ನಾ ತುಂಬೇನಿ. ನಾಳೆ ಅವರು ನಂದು ತುಂಬಲಿ."

ಹೀಗೆ ಎಲ್ಲ ಗೊತ್ತುಮಾಡಿಕೊಂಡು, ಐದೂವರೆಗೆ ನಾವು ಮೂವರೂ ಎದ್ದು ಓಡಾಡುತ್ತಿದ್ದೆವು. ಕಾಕು ಒಗ್ಗರಣೆ ಅವಲಕ್ಕಿ ಮಾಡಿ ಪರಾತದಲ್ಲಿ ಆರಲು ಹರವಿದರು. ಡಬರಿಯನ್ನು ಥಳಥಳ ತಿಕ್ಕಿ ಹೊಸ್ತಿಲ ಬಳಿ ಇಟ್ಟು ಸೀರೆ ಉಡಲು ಪರದೆಯ ಹಿಂದೆ ಹೋದರು. ಹೊರಗೆ ಬಂದಾಗ ಡಬರಿ ಅಲ್ಲಿರಲಿಲ್ಲ. ಅವಲಕ್ಕಿಯೂ ಗಂಟು ಕಟ್ಟಿ ಸಿದ್ಧವಾಗಿತ್ತು. ಕಾಕಾ ಅಷ್ಟು ಕೆಲಸ ಮಾಡಿದ್ದು ಕಂಡು ಕಾಕು ಏನೂ ಕೇಳದೆ ಬಾಗಿಲಿಗೆ ಬೀಗ ಹಾಕಿದರು.

ಚರ್ಚ್‌ಗೇಟಿಗೆ ಲೋಕಲ್. ಅಲ್ಲಿಂದ ನಡೆದು ಗೇಟ್‌ವೇ. ಕಾಕು ಕಮಾನಿನ ಕೆಳಗೆ ನಿಂತು ಒಮ್ಮೆ ಮೇಲೆ ನೋಡಿ, "ಬಾಗಿಲ ಇಲ್ಲದ ಚೌಕಟ್ಟು," ಎಂದು ಮುಂದೆ ನಡೆದರು. ಲಾಂಚು ಹೊರಟಾಗ ಕಾಕಾ ಕಂಬ ಹಿಡಿದು ಕೂತರು. ಕಾಕು ಮಾತ್ರ ಮುಂದಿನ ಹಲಗೆಯ ಮೇಲೆ, ತುಂತುರು ಮುಖಕ್ಕೆ ಬಡಿದರೂ ಸೆರಗು ಬಿಗಿದು ಕೂತಿದ್ದರು. ಹಡಗುಗಳನ್ನು ತೋರಿಸಿ ಇದು ಯಾವ ದೇಶದ್ದು, ಅದು ಯಾವ ದೇಶದ್ದು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಕಾಕಾ ಎಲ್ಲದಕ್ಕೂ ವಿಲಾಯತಿ ಎಂದರು.

ದ್ವೀಪದಲ್ಲಿ ಇಳಿದೊಡನೆ ಕಾಕಾ ಹಸಿವೆ ಎಂದರು. ಮೆಟ್ಟಿಲು ಹತ್ತುವ ಮೊದಲೇ ಒಂದು ಮರದ ನೆರಳಿನಲ್ಲಿ ಕೂತೆವು. ಕಾಕು ಗಂಟು ಬಿಚ್ಚಿದರು.

ಅವಲಕ್ಕಿ ಇದ್ದದ್ದು ಹಿತ್ತಾಳೆಯ ಡಬರಿಯಲ್ಲಿ.

"ಇದರಾಗ ಯಾರು ತುಂಬಿದ್ರಿ?"

"ನಾನ," ಎಂದರು ಕಾಕಾ, ಸ್ವಲ್ಪ ಹೆಮ್ಮೆಯಿಂದಲೇ. "ತಿಕ್ಕಿ ಹೊಸ್ತಿಲಿಗೆ ಇಟ್ಟಿದ್ದಿ. ಬುತ್ತಿಗೇ ಇಟ್ಟೀದಿ ಅಂತ ತುಂಬಿದೆ. ಮುಚ್ಚಳಾನೂ ಬರೋಬರಿ ಕೂತದ ನೋಡು."

"ಪಾಳಿ ಡಬರಿ ಅಲ್ಲೇನ್ರೀ ಇದು! ಕಾಣಲಿಲ್ಲ, ನೀವ ಕೆಳಗ ಇಟ್ಟು ಬಂದೀರಿ ಅಂತ ನಾ ತಿಳಕೊಂಡೆ."

"ನಾ ಯಾವತ್ತರ ನಲ್ಲಿಗೆ ಹೋಗೇನೇನು? ಅದರ ಪಾಳಿ ಪಂಚಾಯ್ತಿ ನನಗೇನು ಗೊತ್ತು?"

"ಅದ ಮತ್ತ. ನಿಮಗ ಅವಲಕ್ಕಿ ಗೊತ್ತು."

ನಾನು ಗಡಿಯಾರ ನೋಡಿದೆ. ಲೆಕ್ಕ ಸುಲಭವಾಗಿತ್ತು. ನಮ್ಮನ್ನು ತಂದ ಲಾಂಚು ಇನ್ನೇನು ತಿರುಗಿ ಹೊರಡುವುದರಲ್ಲಿತ್ತು. ಅದನ್ನು ಹಿಡಿದರೆ ನಾಲ್ಕರೊಳಗೆ ಆರಾಮಾಗಿ ನಲ್ಲಿಯ ಮುಂದೆ ಇರಬಹುದು. ಮುಂದಿನದು ಮೂರು ಗಂಟೆಗೆ. ಅದರಲ್ಲಿ ಹೋದರೆ ನಲ್ಲಿ ಒಣಗಿರುತ್ತದೆ. ಮನೆಯ ಕೊಡಗಳೆಲ್ಲ ಬೆಳಿಗ್ಗೆಯೇ ಬರಿದಾಗಿದ್ದವು. ಇದನ್ನು ನಾನು ಹೇಳಿದೆ.

"ಹಂಗಾದ್ರ ನಡೀರಿ," ಎಂದು ಕಾಕಾ ಎದ್ದರು. "ಘಾರಾಪುರಿ ಮುಂದಿನ ರವಿವಾರ ನೋಡೂಣಂತ."

ಲಾಂಚು ನಿಂತ ಧಕ್ಕೆಯಿಂದ ಅದರ ಆಳು "ಚಲಾ, ಚಲಾ!" ಎಂದು ಕೂಗುತ್ತಿದ್ದ. ಕಾಕು ಲಾಂಚಿನ ಕಡೆ ನೋಡಿದರು, ಮೆಟ್ಟಿಲುಗಳ ಕಡೆ ನೋಡಿದರು. ಆಮೇಲೆ ಮೂರು ಎಲೆ ಹಾಕಿ ಅವಲಕ್ಕಿ ಬಡಿಸತೊಡಗಿದರು.

"ಮುಂದಿನ ರವಿವಾರ ನನಗ ಗೊತ್ತದ. ದಿನಾ ನಾ ನೀರಿನ ದಾರಿ ಕಾಯ್ತೀನಿ. ಇವತ್ತೊಂದಿನ ನೀರು ನನ್ನ ದಾರಿ ಕಾಯಲಿ. ಕೂಡ್ರಿ, ಉಣ್ರಿ."

"ರಾತ್ರಿಗೆ ನೀರು?" ಎಂದರು ಕಾಕಾ.

"ಡಬರಿ ಯಾರು ತುಂಬ್ಯಾರೋ ಕೊಡಾನೂ ಅವರ ತುಂಬಲಿ."

ಲಾಂಚು ಸಿಳ್ಳು ಹಾಕಿ ಹೋಯಿತು. ಕಾಕಾ ಕೂತು ಎರಡು ಸಲ ಹಾಕಿಸಿಕೊಂಡು ಉಂಡರು.

ಗವಿಯ ಒಳಗೆ ಹೊರಗಿನ ಬಿಸಿಲು ಒಮ್ಮೆಗೇ ನಿಂತುಹೋಗುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಕಂಬಗಳು, ಆಮೇಲೆ ಅವುಗಳ ಹಿಂದೆ ಆ ಮುಖಗಳು. ನಾನು ಓದಿಕೊಂಡು ಬಂದದ್ದನ್ನು ಹೇಳತೊಡಗಿದೆ. ಕಾಕು ಕೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಚಪ್ಪಲಿ ಬಿಟ್ಟು ಹತ್ತಿರ ಹೋಗಿ, ನಡುವಿನ ಮುಖದ ಮುಂದೆ ನಿಂತರು. ಎಡಕ್ಕೆ ಸರಿದು ನೋಡಿದರು, ಬಲಕ್ಕೆ ಸರಿದು ನೋಡಿದರು. ಬೇರೆ ಜನ ಬಂದರು, ಹೋದರು. ಕಾಕಾ ಒಂದು ಕಂಬಕ್ಕೆ ಒರಗಿ ಹೆಂಡತಿಯನ್ನೇ ನೋಡುತ್ತಿದ್ದರು.

"ಮೂರ," ಎಂದರು ಕಾಕು ಕೊನೆಗೆ. "ಕಣ್ಣು ಮುಚ್ಯಾನ. ನಿದ್ದಿ ಅಲ್ಲ, ಸುಮ್ಮನ ಮುಚ್ಯಾನ. ಇಷ್ಟು ಮಂದಿ ಬಂದು ಹೋದ್ರು, ಕೆಳತುಟಿ ಇಷ್ಟು ದಪ್ಪ ಅದ ಅಂತ ಒಬ್ಬರರ ಹೇಳಿದ್ರೇನು?"

"ನನಗೂ ಈಗ ಕಂಡಿತು ನೋಡು," ಎಂದರು ಕಾಕಾ. ಅವರು ಅಲ್ಲಿಗೆ ಅದಕ್ಕೂ ಮೊದಲು ಯಾವ್ಯಾವುದೋ ಬೀಗರ ಜೊತೆ ಬಂದಿದ್ದರು ಎಂಬುದು ನನಗೆ ಆಗಲೇ ಗೊತ್ತಾದದ್ದು. ಕಾಕುವಿಗೆ ಮೊದಲೇ ಗೊತ್ತಿತ್ತು.

ಮೂರು ಗಂಟೆಯ ಲಾಂಚು ಹಿಡಿದೆವು. ಅಂಧೇರಿಯಲ್ಲಿ ಇಳಿದಾಗ ಬಿಸಿಲು ಇಳಿದಿತ್ತು. ಅಂಗಳದ ನಲ್ಲಿ ಒಣಗಿತ್ತು. ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದ, ಉಡುಪಿ ಕಡೆಯ ನೆರೆಮನೆಯವರು ಗ್ಯಾಲರಿಯಲ್ಲಿ ನಿಂತಿದ್ದರು.

"ಎಂತ ಮಾರಾಯ್ರೆ, ನೀವು ಊರಿಗೆ ಹೋದದ್ದಲ್ವಾ? ಡಬರಿ ಕಾಣ್ಲಿಲ್ಲ, ನಿಮ್ಮ ಪಾಳಿ ಬಿಟ್ಟೇ ಬಿಟ್ಟೆವು."

ಅವರು ತಮ್ಮ ಮನೆಯಿಂದ ಕುಡಿಯಲು ಒಂದು ತಂಬಿಗೆ ನೀರು ಕೊಟ್ಟರು. ಉಳಿದದ್ದಕ್ಕೆ ರೈಲು ಹಳಿಯ ಆಚೆ, ತರಕಾರಿ ತೋಟದಲ್ಲಿ ಒಂದು ಬಾವಿ ಇತ್ತು. ನಾನು ಕೊಡ ಎತ್ತಿಕೊಂಡೆ. ಕಾಕಾನೂ ಅಂಗಿಯ ತೋಳು ಮಡಿಸಿದರು.

"ತಡೀರಿ," ಎಂದರು ಕಾಕು. "ಬಾವಿ ನೀರು ಮಡೀಲೇ ತರಬೇಕು."

"ನಲ್ಲಿ ನೀರಿಗೆ ಇಲ್ಲದ ಮಡಿ ಬಾವೀಗ್ಯಾಕ?" ಎಂದರು ಕಾಕಾ.

"ನಲ್ಲಿ ನೀರು ಎಲ್ಲಿಂದ ಬರ್ತದ ಯಾರಿಗೆ ಗೊತ್ತು? ಗೊತ್ತಿಲ್ಲದ್ದಕ್ಕ ಮಡಿ ಇಲ್ಲ. ಬಾವಿ ಕಣ್ಣಿಗೆ ಕಾಣತದ."

ಪೂಜೆಗೆ ಉಡುವ ರೇಷ್ಮೆಯ ಮುಗುಟ ಒಂದೇ ಇತ್ತು. ಅದನ್ನು ಕಾಕಾ ಉಟ್ಟರು. ಬಾವಿಯ ಕಟ್ಟೆಯಲ್ಲಿ ಮೈಮೇಲೆ ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ನಾನು ಸೇದಿದೆ, ಅವರು ಹೊತ್ತರು. ಗಿರಣಿ ಆಫೀಸಿನ ಗುಮಾಸ್ತರು ಕೆಂಪು ಮುಗುಟ ಉಟ್ಟು, ಬರಿಮೈಯಲ್ಲಿ, ಹೆಗಲ ಮೇಲೆ ಕೊಡ ಇಟ್ಟುಕೊಂಡು ಅಂಗಳ ದಾಟುವುದನ್ನು ನೋಡಲು ಚಾಳಿಗೆ ಚಾಳೇ ಗ್ಯಾಲರಿಗೆ ಬಂತು.

"ರಾಯರೇ, ಇವತ್ತು ಮನೆಯಲ್ಲಿ ಉಪನಯನವಾ?" ಎಂದರು ಅಡುಗೆಯವರು ಮೇಲಿನಿಂದ.

"ಹೌದ್ರೀ," ಎಂದರು ಕಾಕಾ, ಏದುಸಿರಿನಲ್ಲೇ. "ನಂದ. ಇಷ್ಟು ವರ್ಷದ ಮ್ಯಾಲೆ ನೀರಿನ ಮುಂಜಿ!"

ಎಲ್ಲರಿಗಿಂತ ಜೋರಾಗಿ ನಕ್ಕವರು ಒಳಗಿದ್ದ ಕಾಕು. ನಾನು ಮೇಲೆ ಹೋದಾಗ ಅವರು ಅಡುಗೆಯವರ ಹೆಂಡತಿಗೆ ಶಿವನ ತುಟಿಯ ವಿಷಯ ಹೇಳುತ್ತಿದ್ದರು. ಆ ತಾಯಿಯೂ ಘಾರಾಪುರಿ ನೋಡಿರಲಿಲ್ಲ. ಮುಂದಿನ ರವಿವಾರ ನೀವು ಹೋಗಿ ಬರ್ರಿ, ನಿಮ್ಮ ಕೊಡ ನಾ ತುಂಬತೀನಿ ಎಂದು ಕಾಕು ಮಾತು ಕೊಡುತ್ತಿದ್ದರು.

ಸೋಮವಾರ ನಸುಕಿನ ಗಾಡಿಗೆ ನಾನು ಹೊರಡಬೇಕಿತ್ತು. ಸಾಮಾನು ಕಟ್ಟಿಟ್ಟು ಬಂದೆ. ಕಾಕಾ ಕಡೆಯ ಕೊಡವನ್ನು ಹಂಡೆಗೆ ಸುರಿದರು. ನೀರು ಕಂಠಕ್ಕೆ ಬಂತು. ಕಾಕು ಬಾಗಿ ನೋಡಿ, ಸಾಕು ಎಂದು, ಹಂಡೆಯ ಮೇಲೆ ಮುಚ್ಚಳ ಇಟ್ಟರು.