ಶಾಂತಪ್ಪನವರ ಎದುರು ನಾನು ಸುಮ್ಮನೆ ಕೂತದ್ದು

ಸಂಜೆ ಏಳು ಗಂಟೆಗೆ ಅಂಗಳದಲ್ಲಿ ಬರಿಗಾಲಿಟ್ಟು ‘ಅಯ್ಯಮ್ಮಾ!’ ಎಂದು ಕಿರುಚಿಕೊಂಡೆ. ಸೂರ್ಯ ಮುಳುಗಿಯಾಗಿತ್ತು, ನೆಲ ಮಾತ್ರ ಕಾದ ಕಾವಲಿಯ ಹಾಗೆ ಸುಡುತ್ತಿತ್ತು. ಮನೆಯೊಡತಿ ಶಿವಲೀಲಾ ಅಡುಗೆಮನೆಯಿಂದ ಓಡಿಬಂದಳು. ನಾನು ಒಂಟಿಕಾಲಲ್ಲಿ ಕುಣಿಯುವುದನ್ನು ನೋಡಿ ಸೆರಗು ಬಾಯಿಗಿಟ್ಟು ನಕ್ಕಳು. ‘ಚಪ್ಲಿ ಹಾಕ್ಕೊಳ್ರಿ ಅಕ್ಕೋರೇ. ಇದು ಫರಸಿ ಅದ. ಹತ್ತು ಗಂಟೀತನ ಹಿಂಗೇ ಸುಡ್ತದ.’ ತೊಂಬತ್ತನಾಲ್ಕರ ಜೂನ್ ತಿಂಗಳು ಅದು. ಮೈಸೂರಿನಿಂದ ಶಹಾಬಾದಿನ ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದು ಅವತ್ತಿಗೆ ಎರಡನೆಯ ದಿನ.

ಫರಸಿ ಅಂದರೆ ಬೇರೇನಲ್ಲ, ನಮ್ಮ ಕಡೆ ಬಚ್ಚಲಿಗೂ ಹಿತ್ತಲಿಗೂ ಹಾಸುತ್ತೇವಲ್ಲ, ಆ ಶಹಾಬಾದ್ ಕಲ್ಲು. ನಮ್ಮಲ್ಲಿ ಅದು ಕಾಲ ಕೆಳಗೆ ಮಾತ್ರ. ಇಲ್ಲಿ ಗೋಡೆಯೂ ಅದೇ, ತಲೆಯ ಮೇಲಿನ ಸೂರೂ ಅದೇ, ನೀರಿನ ತೊಟ್ಟಿಯೂ ಅದೇ, ಅಂಗಡಿಯ ಕಟ್ಟೆಯೂ ಅದೇ. ಇಂಥ ಕಲ್ಲಿನ ಡಬ್ಬಿಯೊಳಗೆ ಒಬ್ಬಳೇ ಬದುಕಬೇಕಲ್ಲಪ್ಪಾ ಎಂದು ಮೊದಲ ತಿಂಗಳೆಲ್ಲ ಅತ್ತಿದ್ದೇನೆ. ನಾಚಿಕೆ ಏನು ಬಂತು, ಅತ್ತಿದ್ದೇನೆ.

ಆಮೇಲೆ ನಿಧಾನಕ್ಕೆ ಒಂದೊಂದೇ ಕಲಿತೆ. ನಮ್ಮಲ್ಲಿ ಅನ್ನ ಆಗಿದೆಯಾ ಎಂದು ಕೇಳುವ ಹೊತ್ತಿಗೆ ಇಲ್ಲಿ ರೊಟ್ಟಿ ಬಡಿಯುವ ಸದ್ದು. ನಮ್ಮಲ್ಲಿ ಕಾಫಿ ಕೊಡದಿದ್ದರೆ ಮರ್ಯಾದೆ ಹೋಗುತ್ತದೆ, ಇಲ್ಲಿ ಚಹಾ ಬೇಡವೆಂದರೆ ನೆಂಟಸ್ತಿಕೆಯೇ ಹೋಗುತ್ತದೆ. ನಾನು ‘ಕೂತ್ಕೊಳ್ಳಿ’ ಅಂದರೆ ಮಕ್ಕಳು ಕಿಸಕ್ಕನೆ ನಗುತ್ತಿದ್ದರು, ‘ಕುಂದ್ರಿ’ ಅಂದ ದಿನ ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಶಿವಲೀಲಾ ಎದುರು ನನ್ನ ಮೊದಲ ರೊಟ್ಟಿ ದುಂಡಗೆ ಬಂದಾಗ, ಅದೇನು ಹೇಳಲಿ, ಬಿ.ಎಡ್. ಪಾಸಾದಾಗಲೂ ಅಷ್ಟು ಸಂತೋಷ ಆಗಿರಲಿಲ್ಲ. ಆದರೆ ಸಂಗೀತದ ಕೊರತೆ ಮಾತ್ರ ಯಾವ ರೊಟ್ಟಿಯಿಂದಲೂ ತುಂಬಲಿಲ್ಲ. ನಾನು ಹುಟ್ಟಾ ಕೇಳುವವಳು. ಹಾಡಲು ಬಾರದು, ಕೇಳಲು ಬರುತ್ತದೆ. ಎಂಟು ವರ್ಷದವಳಿದ್ದಾಗಿನಿಂದ ರಾಮನವಮಿ ಪೆಂಡಾಲಿನಲ್ಲಿ ಅಪ್ಪನ ಪಕ್ಕ ಕೂತು, ತೊಡೆಯ ಮೇಲೆ ತಾಳ ಹಾಕಿ, ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಅಭಿಪ್ರಾಯ ಬರೆದಿಟ್ಟವಳು.

ನಮ್ಮ ಮೈಸೂರಿನ ಪೆಂಡಾಲಿನ ಕೇಳುಗರ ವಿಷಯ ನಿಮಗೆ ಗೊತ್ತೇ ಇದೆ. ಹಾಡುವಾಗ ಪಿಟ್ ಎನ್ನುವುದಿಲ್ಲ. ಪಾನಕ ಕೋಸಂಬರಿ ತಿಂದು ಬೀದಿ ತಿರುಗಿದ ಮೇಲೆ ಶುರು: ಕಲ್ಯಾಣಿ ಪರವಾಗಿಲ್ಲ, ಮೃದಂಗದವನದು ಗದ್ದಲ ಜಾಸ್ತಿ, ಆ ಮೈಕಿನವನನ್ನು ಮೊದಲು ಓಡಿಸಬೇಕು. ಹೊಗಳಿಕೆಯೋ ತೆಗಳಿಕೆಯೋ, ಹಾಡಿದವರ ಕಿವಿಗೆ ಬೀಳಬಾರದು. ಅದೇ ಸಭ್ಯತೆ ಎಂದು ಅಪ್ಪ ಕಲಿಸಿದ್ದರು.

ಶಹಾಬಾದಿನಲ್ಲಿ ಬೇಸಿಗೆಯ ಬಯಲು ಕಛೇರಿ ನಡೆಯುತ್ತಿದ್ದದ್ದು ಬೆಳಗಿನ ಐದು ಗಂಟೆಗೆ. ತಮಾಷೆಯಲ್ಲ. ಯುಗಾದಿಯಾದ ಮೇಲೆ ನಾಲ್ಕು ಭಾನುವಾರ, ಊರಂಚಿನಲ್ಲಿ ಕಲ್ಲಿಗೆ ಪಾಲಿಶ್ ಹಾಕುತ್ತಿದ್ದ ಒಂದು ಹಳೆಯ ಅಂಗಳದಲ್ಲಿ, ಫರಸಿಯ ಮೇಲೆ. ಸಂಜೆ ಆ ಕಲ್ಲಿನ ಮೇಲೆ ಕೂರಲು ಯಾರಿಂದಲೂ ಆಗದು. ಬೆಳಗಿನ ಹೊತ್ತಿಗೆ ಅದು ಮಡಕೆಯ ನೀರಿನಷ್ಟು ತಣ್ಣಗಿರುತ್ತದೆ. ವಾಡಿ, ಚಿತ್ತಾಪುರ, ಸೇಡಂ ಕಡೆಯವರು ಹಿಂದಿನ ದಿನವೇ ಪ್ಯಾಸೆಂಜರ್ ಹಿಡಿದು ಬಂದು ನೆಂಟರ ಮನೆಯಲ್ಲಿ ಉಳಿಯುತ್ತಿದ್ದರು. ತಬಲಾದವರು ಚಿಂಚೋಳಿಯವರು, ಅರ್ಧ ಮಾತು ತೆಲುಗಿನಲ್ಲೇ. ವಚನ, ತತ್ವಪದ, ದಾಸರ ಪದ ಎಲ್ಲವೂ ಉಂಟು. ಮಂಗಳ ಹಾಡುವ ಪದ್ಧತಿ ಇಲ್ಲ. ಬಿಸಿಲು ಹರಿದು ಬಂದು ಹಾರ್ಮೋನಿಯಂ ಮುಟ್ಟಿತು ಅಂದರೆ ಕಛೇರಿ ಮುಗಿಯಿತು.

ಅಲ್ಲಿಯ ಮುಖ್ಯ ಹಾಡುಗಾರರು ಶಿವಲೀಲಾಳ ಮಾವ ಶಾಂತಪ್ಪನವರು. ಮೂವತ್ತು ವರ್ಷ ಕಲ್ಲಿನ ಗಣಿಯಲ್ಲಿ ದುಡಿದ ಕೈ, ಉಗುರೆಲ್ಲ ಸೀಳು. ಮನೆಯಲ್ಲಿ ನಾಲ್ಕು ಮಾತಾಡಿದರೆ ಹೆಚ್ಚು. ಅವರ ಜೀವದ ಗೆಳೆಯ ಮೌಲಾಸಾಬರು, ದರ್ಜಿ, ಪ್ರತಿ ವರ್ಷ ಅವರ ಎದುರಿಗೇ ಒಂದು ಮಾರು ದೂರದಲ್ಲಿ ಕೂತು ಕೇಳುತ್ತಿದ್ದರಂತೆ. ನಾನು ಬಂದ ವರ್ಷದ ಚಳಿಗಾಲದಲ್ಲಿ ಮೌಲಾಸಾಬರು ತೀರಿಕೊಂಡರು. ಯುಗಾದಿ ಹತ್ತಿರ ಬಂದಾಗ ಶಿವಲೀಲಾ ನನ್ನ ಬಾಗಿಲಿಗೆ ಬಂದಳು.

‘ಅಕ್ಕೋರೇ, ಮಾವನೋರು ಈ ವರ್ಷ ಹಾಡಂಗಿಲ್ಲ ಅಂತ ಕುಂತಾರ. ಮೌಲಾಸಾಬ ಹೋದ ಮ್ಯಾಲ ಯಾರಿಗಿ ಹಾಡ್ಲಿ ಅಂತಾರ. ನೀವು ಮೈಸೂರಿನವ್ರು, ಸಂಗೀತ ತಿಳಿದವ್ರು. ಆ ಜಾಗಾದಾಗ ನೀವು ಕುಂತ್ರ ಹಾಡ್ತಾರ ನೋಡ್ರಿ. ಹಾಡೋದು ಬಿಟ್ರ ಅವ್ರು ಭಾಳ ದಿನ ಇರಂಗಿಲ್ರಿ.’

ನನಗೆ ಎಷ್ಟು ಹಮ್ಮು ಬಂತೆಂದರೆ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೊಸ ನೋಟ್‌ಬುಕ್ಕು ಹಿಡಿದು ಹೊರಟೆ. ಅಲ್ಲಿ ಕೂತು ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡಬೇಕಾದ ವಿಷಯ ಅದೆಂದು ಆ ಊರಿನಲ್ಲಿ ಯಾರಿಗೆ ತಾನೇ ಹೊಳೆದೀತು?

ಶಾಂತಪ್ಪನವರು ಜೋಗಿಯಾ ರಾಗ ಎತ್ತಿಕೊಂಡರು. ನಮ್ಮ ಸಾವೇರಿಗೆ ತೀರಾ ಹತ್ತಿರದ್ದು, ಆದರೆ ಇನ್ನೂ ಬಡವೆ, ಇನ್ನೂ ಒಂಟಿ. ಆ ಗಂಟಲಿನಿಂದ ಅಂಥ ಸಣ್ಣ ಎಳೆ ಬರುತ್ತದೆಂದು ನಾನೆಣಿಸಿರಲಿಲ್ಲ. ಎರಡನೆಯ ಸಾಲಿನ ಕೊನೆಯಲ್ಲಿ ಒಂದು ಸ್ವರವನ್ನು ಮುಟ್ಟಿಯೂ ಮುಟ್ಟದ ಹಾಗೆ ಬಿಟ್ಟು, ಕಣ್ಣೆತ್ತಿ ನನ್ನನ್ನು ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ. ನೀರು ಬಂದಿತ್ತು, ಅದಕ್ಕೆ. ಅವರು ಅದೇ ಸಾಲನ್ನು ಮತ್ತೆ ಹಾಡಿದರು, ಬೇರೆ ದಾರಿಯಲ್ಲಿ. ಮತ್ತೆ ಹಾಡಿದರು. ಐದು ಸಲ, ಆರು ಸಲ. ಆಹಾ, ಒಂದೇ ಸಾಲಿನಲ್ಲಿ ಎಷ್ಟು ಬಗೆ ಎಂದು ಬೆರಗಾಗಿ, ನಾನು ಉಸಿರೂ ಬಿಡದೆ ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ಹಿಂದಿನಿಂದ ‘ವಾಹ್ವಾ!’, ‘ಕ್ಯಾ ಬಾತ್ ಹೈ!’ ಎಂದು ಜನ ಕೂಗುತ್ತಿದ್ದರು. ಇವರು ಬಾಯಿ ಮುಚ್ಚಿ ಕೇಳಬಾರದೇ ಎಂದು ನನಗೆ ಸಿಡಿಮಿಡಿ.

ಏಳನೆಯ ಸಲ ಅವರು ಸಾಲನ್ನು ಪೂರ್ತಿ ಮಾಡಲಿಲ್ಲ. ಹಾರ್ಮೋನಿಯಂನ ತಿದಿ ಮಡಚಿ, ಪಕ್ಕದವರ ಕಡೆ ತಳ್ಳಿದರು. ಬಿಸಿಲು ಬರಲು ಇನ್ನೂ ಒಂದು ಗಂಟೆ ಇತ್ತು. ದಣಿವಾಗಿರಬೇಕು ಎಂದುಕೊಂಡೆ. ಅವರ ಹತ್ತಿರ ಹೋಗಿ ಮಾತಾಡಿಸಲಿಲ್ಲ, ಹಾಗೆ ಮೈಮೇಲೆ ಬಿದ್ದು ಹೋಗುವುದು ನಮ್ಮಲ್ಲಿಲ್ಲವಲ್ಲ. ಮನೆಗೆ ಬಂದು ಬರೆದೆ: ‘ಇಂಥ ಜೋಗಿಯಾ, ಇಂಥ ಸಾವೇರಿ, ಈ ಜನ್ಮದಲ್ಲಿ ಕೇಳಿರಲಿಲ್ಲ.’

ಮುಂದಿನ ಭಾನುವಾರ ಅವರು ಎದ್ದು ಹೊರಡಲೇ ಇಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಶಿವಲೀಲಾ ನನ್ನೊಡನೆ ಮಾತು ಕಡಿಮೆ ಮಾಡಿದಳು. ನನಗೂ ಮೂಗಿನ ತುದಿಯಲ್ಲೇ ಕೋಪ, ನೆಟ್ಟಗೆ ಹೋಗಿ ಕೇಳಿದೆ, ‘ಏನ್ರೀ ತಪ್ಪು ಮಾಡಿದೀನಿ ನಾನು?’

‘ಏನ್ ಮಾಡಿದ್ರಿ? ಏನೂ ಮಾಡ್ಲಿಲ್ರಿ, ಅದೇ ತಪ್ಪು,’ ಅಂದಳು. ‘ಸತ್ತ ಮನ್ಯಾಗ ಕುಂತಂಗ ಕುಂತ್ರಿ. ಆ ಮನಷ್ಯಾ ಒಂದೇ ಸಾಲು ಎಷ್ಟ್ ಸಲ ಹಾಡಿದ್ರು, ನೋಡಿದ್ರೇನು? ಈಗಾದ್ರೂ ಹೂಂ ಅಂತಾರ, ಈಗಾದ್ರೂ ವಾಹ್ವಾ ಅಂತಾರ ಅಂತ. ಮೌಲಾಸಾಬ ಮೊದಲ್ನೇ ಸಲಕ್ಕೇ ಎದ್ದು ಕೂಗ್ತಿದ್ದ. ನೀವು ಕಣ್ಣ ಮುಚ್ಕೊಂಡು ನಿದ್ದಿ ಹೊಡದ್ರಿ.’

ನಾನು ಕಲೆ ಎಂದು ಬೆರಗಾಗಿ ಕೇಳಿದ್ದು, ಆ ಮುದುಕರು ನನ್ನ ಒಂದು ಮಾತಿಗಾಗಿ ಕಾದ ಹೊತ್ತಾಗಿತ್ತು. ಆದರೂ ಸೋಲೊಪ್ಪದೆ ಜಗಳಕ್ಕೇ ನಿಂತೆ. ‘ನಮ್ಮ ಕಡೆ ಹಾಡುವಾಗ ಕೂಗೋದು ಒರಟುತನ ಕಣ್ರೀ. ನೋಡಿ ಬೇಕಾದ್ರೆ, ಬರೆದಿಟ್ಟಿದೀನಿ,’ ಎಂದು ನೋಟ್‌ಬುಕ್ಕು ತಂದು ಹಿಡಿದೆ. ಶಿವಲೀಲಾ ಓದಿದಳು. ಅವಳ ಮುಖ ಇನ್ನೂ ಬಾಡಿತು. ‘ಬರದದ್ದು ಅವ್ರಿಗಿ ಹ್ಯಾಂಗ ಕೇಳಸ್ತದ್ರಿ ಅಕ್ಕೋರೇ?’ ಅಂದಳು.

ಅದನ್ನೇ ಶಾಂತಪ್ಪನವರ ಮುಂದೆ ಓದಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿ, ‘ಇರ್ಲಿ ಬಿಡ್ರಿ ತಾಯಿ. ದೊಡ್ಡ ದೊಡ್ಡವ್ರನ್ನ ಕೇಳಿದ ಕಿವಿ ನಿಮ್ದು. ನಮ್ದೇನದ, ಕಲ್ಲ ಒಡಿಯೋರ ಹಾಡು,’ ಎಂದರು. ನಾನು ಕನಿಕರಕ್ಕೆ ಹೇಳುತ್ತಿದ್ದೇನೆಂದೇ ಅವರು ತಿಳಿದರು. ಅಂದಿನಿಂದ ಅವರು ಪ್ರತಿ ಬೇಸಿಗೆ ಬಂದರು, ಹಿಂದೆ ಗೋಡೆಗೊರಗಿ ಕೂತರು, ಹಾಡಲಿಲ್ಲ. ಎಲ್ಲರೂ ಕೇಳಿಕೊಂಡರು. ತಬಲಾದವರು ಕೈ ಹಿಡಿದು ಎಳೆದರು. ಏನು ಮಾಡಿದರೂ ಒಪ್ಪಲಿಲ್ಲ.

ನಾನು ವಾಹ್ವಾ ಅನ್ನುವುದನ್ನು ಕಲಿತೆ. ಪಾಠ ಕಲಿತ ಹಾಗೆ ಕಲಿತೆ, ಗೋಡೆಯ ಮುಂದೆ ನಿಂತು. ಮೊದಮೊದಲು ಬಾಯಿಂದ ಹೊರಡುತ್ತಲೇ ಇರಲಿಲ್ಲ. ಎರಡು ಸಾವಿರದ ಇಸವಿ ಬರುವಷ್ಟರಲ್ಲಿ ಹೆಂಗಸರ ಗುಂಪಿನಲ್ಲಿ ನನ್ನದೇ ಜೋರು ದನಿ. ಸೇಡಂನ ಒಬ್ಬ ಹುಡುಗಿ ಹಾಡುವಾಗ ಒಂದು ಸಲ ತಪ್ಪು ಜಾಗದಲ್ಲಿ ಕೂಗಿ ಎಲ್ಲರನ್ನೂ ನಗಿಸಿದ್ದೂ ಉಂಟು. ಅಲ್ಲಿಯ ಕೇಳುಗರ ಅಭಿಪ್ರಾಯಗಳೂ ರೂಢಿಯಾದವು. ‘ಇದು ಬ್ಯಾಡ, ಅದನ್ನ ಹಾಡ್ರಿ,’ ‘ಜರಾ ನಿಧಾನ,’ ‘ಹೋದ ವರ್ಷದ ಮಜಾ ಇಲ್ಲ ಬಿಡ್ರಿ’ ಎಂದು ಮುಖಕ್ಕೆ ಮುಖ ಕೊಟ್ಟೇ ಹೇಳುತ್ತಾರೆ, ಹಾಡುವವರೂ ನಕ್ಕು ಉತ್ತರ ಕೊಡುತ್ತಾರೆ. ನಾನು ಪ್ರತಿ ಸಲ ಕೂಗಿದಾಗಲೂ ಹಿಂದೆ ತಿರುಗಿ ಗೋಡೆಯ ಕಡೆ ನೋಡುತ್ತಿದ್ದೆ. ಶಾಂತಪ್ಪನವರು ಎಲ್ಲೋ ನೋಡುತ್ತಿರುತ್ತಿದ್ದರು.

ಎರಡು ಸಾವಿರದ ಮೂರರ ಬೇಸಿಗೆಗೆ ಅವರು ಹಾಸಿಗೆ ಹಿಡಿದರು. ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ ಎಂದರು ಡಾಕ್ಟರು. ಒಂದು ಮುಂಜಾನೆ ಶಿವಲೀಲಾ ನೀರಿಗೆ ಹೋಗುವಾಗ ಅವರ ಹತ್ತಿರ ನನ್ನನ್ನು ಕೂರಿಸಿ ಹೋದಳು. ಪಡಸಾಲೆಯಲ್ಲಿ ನಾವಿಬ್ಬರೇ. ಸ್ವಲ್ಪ ಹೊತ್ತಿನ ಮೇಲೆ ಅವರ ತುಟಿ ಅಲುಗಿತು. ಅದೇ ಜೋಗಿಯಾ. ಅದೇ ಎರಡನೆಯ ಸಾಲು. ಎಂಟು ವರ್ಷದ ಮೇಲೆ ಅವರ ಹಾಡು ನನ್ನ ಕಿವಿಗೆ ಬಿತ್ತು. ಉಸಿರು ಸಾಲದೆ ಸಾಲಿನ ಕೊನೆಯಲ್ಲಿ ಸ್ವರ ಜಾರಿತು, ಎಲ್ಲೆಲ್ಲೋ ಹೋಯಿತು. ನಾನು ಬಿಡಲಿಲ್ಲ. ಮಂಡಿ ಬಡಿದು ಗಟ್ಟಿಯಾಗಿ ಕೂಗಿದೆ, ‘ವಾಹ್ವಾ ಶಾಂತಪ್ಪನೋರೇ! ಕ್ಯಾ ಬಾತ್ ಹೈ!’

ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು.

‘ಸುಳ್ಳು ಹೇಳಬ್ಯಾಡ್ರಿ ಅಕ್ಕೋರೇ. ಈಗ ಸುರ ತಪ್ತು.’

ಜಾರಿದ ಸ್ವರವನ್ನು ನಾನು ಅದುವರೆಗೆ ಹೊಗಳಿದವಳಲ್ಲ. ಇಷ್ಟು ವರ್ಷ ಹಿಂದೆ ಕೂತು ನನ್ನ ವಾಹ್ವಾ ಕೇಳಿದ ಅವರಿಗೂ ಅದು ಗೊತ್ತಿತ್ತು.

‘ಆವತ್ತು ತಪ್ಪಿರ್ಲಿಲ್ಲ, ಹೌದಲ್ರಿ?’ ಎಂದು ಕೇಳಿದರು.

‘ಇಲ್ಲ,’ ಎಂದೆ. ‘ಒಂದು ಎಳೆಯೂ ತಪ್ಪಿರಲಿಲ್ಲ.’

‘ಆವಾಗೇ ಗೊತ್ತಿತ್ತಾ ನಿಮಗ?’

‘ಗೊತ್ತಿತ್ತು.’

‘ಮೌಲಾಸಾಬ ಗೆಳೆತನಕ್ಕ ಹೊಗಳ್ತಿದ್ನೋ ಏನೋ, ಖರೇ ನನ್ ಹಾಡು ಛಲೋನೇ ಇರ್ಲಿಲ್ಲೇನೋ ಅಂತ ತಿಳದು ಬಿಟ್ಟೆ ನಾ,’ ಎಂದರು. ‘ಒಂದ್ ಮಾತ ಅಂದಿದ್ರ ಇಷ್ಟ್ ವರ್ಷ ಹಾಡ್ತಿದ್ದೆ ತಾಯಿ.’ ಬೈದು ಹೇಳಲಿಲ್ಲ. ಹವೆಯ ವಿಷಯ ಹೇಳುವ ಹಾಗೆ ಹೇಳಿದರು. ಆಮೇಲೆ ನೀರು ಕೇಳಿದರು, ಕೊಟ್ಟೆ. ಹನ್ನೆರಡು ದಿನದ ಮೇಲೆ ತೀರಿಕೊಂಡರು.

ಅವರ ಹಾಡನ್ನು ಯಾರೂ ಟೇಪು ಮಾಡಿಟ್ಟಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲಿದೆ, ಅದರಿಂದ ಯಾರಿಗೆ ಏನು ಕೇಳಿಸೀತು? ಎಂಟು ಬೇಸಿಗೆಯ ಹಾಡು ನನ್ನಿಂದ ಹೋಯಿತು. ಶಿವಲೀಲಾ ‘ನಮ್ಮ ರೀತಿ ನಿಮಗ ಗೊತ್ತಿರ್ಲಿಲ್ಲ ಬಿಡ್ರಿ’ ಅನ್ನುತ್ತಾಳೆ. ನಿಜ, ಗೊತ್ತಿರಲಿಲ್ಲ. ಅದರಿಂದ ಸಂಕಟ ಒಂದು ಚೂರೂ ಕಡಿಮೆಯಾಗಿಲ್ಲ.

ಮೈಸೂರಿಗೆ ವರ್ಗ ಮಾಡಿಕೊಡುತ್ತೇವೆ ಎಂದು ಎರಡು ಸಲ ಕಾಗದ ಬಂತು. ಮೊದಲ ಕೆಲವು ವರ್ಷ ಆ ಕಾಗದಕ್ಕಾಗಿ ದೇವರಿಗೆ ಮುಡಿಪು ಕಟ್ಟಿದವಳು ನಾನೇ. ಎರಡು ಸಲವೂ ಬೇಡವೆಂದು ಬರೆದೆ, ಯಾಕೆಂದು ಅಮ್ಮನಿಗೆ ಇನ್ನೂ ಸರಿಯಾಗಿ ಹೇಳಲಾಗಿಲ್ಲ. ರಾಮನವಮಿಗೆ ರಜೆ ಸಿಕ್ಕರೆ ಈಗಲೂ ಮೈಸೂರಿಗೆ ಬರುತ್ತೇನೆ, ನಿಮ್ಮ ನಡುವೆಯೇ ಎಲ್ಲೋ ಕೂತಿರುತ್ತೇನೆ. ವೇದಿಕೆಯ ಮೇಲಿನವರು ಒಂದು ಸಾಲಿಗೆ ಸೊಗಸಾದ ಸಂಗತಿ ಹಾಕಿ ಕಣ್ಣೆತ್ತಿದಾಗ, ಅಯ್ಯೋ, ಯಾರಾದರೂ ಏನಾದರೂ ಅನ್ನಿ ಎಂದು ಸುತ್ತ ನೋಡುತ್ತೇನೆ. ಎಲ್ಲರೂ ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ. ನನ್ನ ಬಾಯಿ ಅರ್ಧ ತೆರೆಯುತ್ತದೆ, ಪಕ್ಕದ ಹೆಂಗಸು ತಿರುಗಿ ನೋಡುತ್ತಾಳೆ, ಮುಚ್ಚಿಕೊಳ್ಳುತ್ತೇನೆ.

ಶಹಾಬಾದಿಗೆ ಮರಳಿ ಬಂದರೆ ಪಾಲಿಶ್ ಅಂಗಳದಲ್ಲಿ ಎಲ್ಲರೊಡನೆ ಕೂಗುತ್ತೇನೆ. ಸುಮಾರಾಗಿದ್ದರೆ ಸಲೀಸಾಗಿ ಕೂಗುತ್ತೇನೆ. ಆದರೆ ಹಾಡು ನಿಜವಾಗಿ ಎದೆಗೆ ನಾಟಿದಾಗ ನನ್ನ ಕಣ್ಣು ತಾನಾಗಿ ಮುಚ್ಚುತ್ತದೆ, ಕಣ್ಣಿನ ಜೊತೆ ಬಾಯಿಯೂ. ಬೆಚ್ಚಿಬಿದ್ದು, ಇಲ್ಲಿದ್ದೀನಿ ನಾನು, ಇಲ್ಲಿ ಎಂದು ನೆನಪಿಸಿಕೊಂಡು ಜೋರಾಗಿ ವಾಹ್ವಾ ಅನ್ನುತ್ತೇನೆ. ಅಷ್ಟರಲ್ಲಿ ಹಾಡುವವರು ಮುಂದಿನ ಸಾಲಿಗೆ ಹೋಗಿರುತ್ತಾರೆ.